ತಿನ್ನೋಕೆ ಹೊಡೆದಿದ್ದು ಅನ್ನುವವರಿಗೆ

ಕರಡಿ ಬೇಟೆಯ ಬಗ್ಗೆ ವಾದ ಎದ್ದಾಗೆಲ್ಲ ಬೇಟೆಗಾರರ ಬಾಯಲ್ಲಿ ಮೊದಲು ಬರುವ ಮಾತು: "ತಿನ್ನೋಕೆ ಹೊಡೆದಿದ್ದು, ಶೋಕಿಗಲ್ಲ." ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಅದು ನಿಜವೋ ನೆಪವೋ ಎಂಬುದು ಗುಂಡು ಹಾರಿದ ಗಳಿಗೆಯಲ್ಲಿ ತಿಳಿಯುವುದಿಲ್ಲ, ಆಮೇಲಿನ ಆರೇಳು ಗಂಟೆಗಳಲ್ಲಿ ತಿಳಿಯುತ್ತದೆ. ಚರ್ಮವನ್ನು ಎಷ್ಟು ಬೇಗ ಸುಲಿದರು, ಎಷ್ಟು ಮಾಂಸ ಹೊತ್ತು ತಂದರು, ನೆಣವನ್ನು ಏನು ಮಾಡಿದರು, ಒಲೆಯ ಮುಂದೆ ಥರ್ಮಾಮೀಟರ್ ಇತ್ತೇ ಇಲ್ಲವೇ ಎಂಬುದನ್ನು ನೋಡಿದರೆ ಸಾಕು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2017ರಲ್ಲಿ ಈ ಮಾತಿಗೇ ಒಂದು ಪರೀಕ್ಷೆ ಎದುರಾಯಿತು. ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಯನ್ನು ಟ್ರೋಫಿಗಾಗಿ, ಅಂದರೆ ಮನೆಯಲ್ಲಿ ಮೆರೆಸಲು, ಹೊಡೆಯುವುದನ್ನು ನಿಲ್ಲಿಸುತ್ತೇವೆ, ಮಾಂಸಕ್ಕಾದರೆ ಹೊಡೆಯಬಹುದು, ಆದರೆ ತಲೆ, ಪಂಜ, ಚರ್ಮ ಇಟ್ಟುಕೊಳ್ಳುವಂತಿಲ್ಲ ಎಂದು ಸರ್ಕಾರ ಮೊದಲು ಹೇಳಿತು. ಅದೇ ಡಿಸೆಂಬರ್‌ನಲ್ಲಿ ಆ ರಿಯಾಯಿತಿಯನ್ನೂ ತೆಗೆದು, ಅಲ್ಲಿನ ಮೂಲನಿವಾಸಿ ಸಮುದಾಯಗಳನ್ನು ಬಿಟ್ಟು ಉಳಿದವರಿಗೆಲ್ಲ ಗ್ರಿಜ್ಲಿ ಬೇಟೆಯನ್ನೇ ಮುಚ್ಚಿತು. ಆ ಮೊದಲ ನಿಯಮವನ್ನು ಪ್ರತಿಯೊಬ್ಬ ಶಿಕಾರಿಯೂ ತನ್ನ ಮನಸ್ಸಿನಲ್ಲಿ ಒಮ್ಮೆ ತನಗೇ ಹಾಕಿಕೊಂಡು ನೋಡಬೇಕು. ಚರ್ಮ ಸಿಗುವುದಿಲ್ಲ, ಫೋಟೋ ಕೂಡ ಇಲ್ಲ ಅಂದುಕೊಳ್ಳಿ. ಆಗಲೂ ಕಾಡಿಗೆ ಹೋಗುತ್ತೀರಾ?

ಜಿಂಕೆಗೆ ಇಲ್ಲದ ಪ್ರಶ್ನೆ ಕರಡಿಗೇಕೆ? "ಮುದ್ದಾಗಿದೆ" ಎನ್ನುವುದು ಕಾರಣವಲ್ಲ. "ಬುದ್ಧಿವಂತ ಪ್ರಾಣಿ" ಎನ್ನುವವರು ಹಂದಿ ತಿನ್ನುವುದನ್ನು ಬಿಟ್ಟಿದ್ದರೆ ಮಾತ್ರ ಆ ವಾದಕ್ಕೆ ತೂಕ. ಚರ್ಮ ಸುಲಿದ ಕರಡಿ ನೇತುಹಾಕಿದಾಗ ಮನುಷ್ಯನ ದೇಹದ ಹಾಗೇ ಕಾಣುತ್ತದೆ. ತೋಳು, ಎದೆ, ಅಂಗಾಲು ಎಲ್ಲವೂ. ಮೊದಲ ಸಲ ನೋಡಿದವರು ಊಟ ಬಿಟ್ಟರೆ ತಪ್ಪಿಲ್ಲ, ಆದರೆ ಅದು ಮನಸ್ಸಿನ ಕಸಿವಿಸಿ, ತರ್ಕವಲ್ಲ. ನಿಜವಾದ ಕಾರಣ ಕರಡಿ ಮರಿ ಹಾಕುವ ವೇಗದಲ್ಲಿದೆ. ಬಿಳಿಬಾಲದ ಜಿಂಕೆ ಎರಡನೇ ವರ್ಷಕ್ಕೇ ಮರಿ ಹಾಕಲು ಶುರುಮಾಡಿ, ಮೇವು ಚೆನ್ನಾಗಿದ್ದರೆ ವರ್ಷವರ್ಷವೂ ಅವಳಿ ಹಾಕುತ್ತದೆ. ಅಮೆರಿಕದ ಕಪ್ಪು ಕರಡಿ ಮೊದಲ ಮರಿ ಹಾಕುವುದೇ ಸಾಮಾನ್ಯವಾಗಿ 3ರಿಂದ 5ನೇ ವರ್ಷದಲ್ಲಿ, ಆಮೇಲೆ ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ. ಗ್ರಿಜ್ಲಿ ಇನ್ನೂ ನಿಧಾನ. ಬೇಸಿಗೆಯ ಆರಂಭದಲ್ಲಿ ಕೂಡಿದರೂ ಭ್ರೂಣ ತಿಂಗಳುಗಟ್ಟಲೆ ತೇಲುತ್ತಲೇ ಇದ್ದು, ನವೆಂಬರ್ ಹೊತ್ತಿಗೆ ಗರ್ಭಕೋಶಕ್ಕೆ ಅಂಟಿಕೊಳ್ಳುತ್ತದೆ. ಆ ಹೊತ್ತಿಗೆ ತಾಯಿಯ ಮೈಯಲ್ಲಿ ಸಾಕಷ್ಟು ನೆಣ ಕೂಡಿರದಿದ್ದರೆ ಆ ವರ್ಷ ಮರಿಯೇ ಇಲ್ಲ. ಇಂಥ ಪ್ರಾಣಿಯ ಹೆಣ್ಣನ್ನು ತಪ್ಪಿ ಹೊಡೆದರೆ ಆ ನಷ್ಟ ತುಂಬಲು ವರ್ಷಗಳು ಬೇಕು.

ಹಾಗಾಗಿ ಮೊದಲ ಕೆಲಸ ಗುರಿ ಇಡುವುದಲ್ಲ, ಕಾಯುವುದು. ದೊಡ್ಡ ಗಂಡಿನ ತಲೆ ಅಗಲ, ಕಿವಿಗಳು ಚಿಕ್ಕದಾಗಿ ತಲೆಯ ಎರಡು ಬದಿಗೆ ಸರಿದ ಹಾಗೆ ಕಾಣುತ್ತವೆ. ಕಿವಿ ದೊಡ್ಡದಾಗಿ ನೆಟ್ಟಗೆ ನಿಂತಂತೆ ಕಂಡರೆ ಅದು ಎಳೆಯ ಕರಡಿ, ಎಷ್ಟೇ ದಪ್ಪ ಕಂಡರೂ ಬಿಡಿ. ಒಂಟಿಯಾಗಿ ಕಂಡ ಕರಡಿ ಒಂಟಿ ಎಂದು ನಂಬಬಾರದು. ತಾಯಿ ಮೇಯಲು ಬರುವ ಮುಂಚೆ ಮರಿಗಳನ್ನು ಮರ ಹತ್ತಿಸಿ ಬಂದಿರಬಹುದು. ಅರ್ಧ ಗಂಟೆ ದುರ್ಬೀನು ಹಿಡಿದು ಸುತ್ತಲಿನ ಮರಗಳನ್ನೂ ಪೊದೆಯ ಅಂಚನ್ನೂ ನೋಡುತ್ತಿರಿ. ಅದು ಪದೇಪದೇ ಹಿಂತಿರುಗಿ ಒಂದೇ ಕಡೆ ನೋಡುತ್ತಿದ್ದರೆ ಅಲ್ಲಿ ಮರಿಯಿದೆ ಎಂದೇ ತಿಳಿಯಿರಿ. ಚಳಿಗಾಲದಲ್ಲಿ ಗವಿಯಲ್ಲಿ ಹುಟ್ಟಿದ ಮರಿ ಮುಂದಿನ ವರ್ಷದ ಬೇಸಿಗೆಯವರೆಗೂ ತಾಯಿಯ ಜೊತೆಗೇ ಇರುತ್ತದೆ. ವಸಂತದಲ್ಲಿ ತಾಯಿ ಸತ್ತರೆ ಆ ಎಳೆಮರಿ ಬದುಕುವುದಿಲ್ಲ. ವಸಂತದ ಆರಂಭದಲ್ಲಿ ಗವಿಯಿಂದ ಮೊದಲು ಹೊರಬರುವುದು ಗಂಡುಗಳು, ಮರಿಯಿರುವ ತಾಯಂದಿರು ಕಡೆಗೆ. ಆ ಮೊದಲ ವಾರಗಳಲ್ಲಷ್ಟೇ ಬೇಟೆಯಾಡಿದರೆ ತಪ್ಪು ಕಡಿಮೆ. ಋತು ಮುಂದೆ ಹೋದಷ್ಟೂ ಅಪಾಯ ಹೆಚ್ಚು.

ಎರೆ ಇಟ್ಟು, ಅಂದರೆ ತಿಂಡಿಯ ಆಸೆ ತೋರಿಸಿ ಕರಡಿಯನ್ನು ಹತ್ತಿರ ಕರೆದು, ಹೊಡೆಯುವುದರ ಬಗ್ಗೆ ನನ್ನ ಅಭಿಪ್ರಾಯ ಎರಡೂ ಕಡೆಯವರಿಗೆ ಹಿಡಿಸಲಿಕ್ಕಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯ 1992ರಲ್ಲಿ ಜನಮತದಿಂದ ಎರೆಯನ್ನೂ ಬೇಟೆನಾಯಿಗಳನ್ನೂ ವಸಂತದ ಬೇಟೆಯನ್ನೂ ಒಟ್ಟಿಗೇ ನಿಷೇಧಿಸಿತು. 1994ರಲ್ಲಿ ಒರೆಗಾನ್, 1996ರಲ್ಲಿ ವಾಷಿಂಗ್ಟನ್ ರಾಜ್ಯಗಳು ಎರೆ ಮತ್ತು ನಾಯಿಗಳನ್ನು ಕೈಬಿಟ್ಟವು. ಮೇನ್ ರಾಜ್ಯದಲ್ಲಿ 2004 ಮತ್ತು 2014ರಲ್ಲಿ ಇಂಥದ್ದೇ ಪ್ರಸ್ತಾವ ಬಿದ್ದುಹೋಯಿತು. ಡ್ರಮ್ಮಿನಲ್ಲಿ ತಿಂಡಿ ಸುರಿದು ಕೊಲ್ಲುವುದು ನೋಡಲು ಅಸಹ್ಯ, ನಿಜ. ಆದರೆ ಹದಿನೈದಿಪ್ಪತ್ತು ಮೀಟರ್ ದೂರದಲ್ಲಿ ನಿಶ್ಚಿಂತೆಯಿಂದ ನಿಂತ ಕರಡಿ ಗಂಡೋ ಹೆಣ್ಣೋ, ಜೊತೆಗೆ ಮರಿ ಇದೆಯೋ ಎಂದು ನೋಡಲು ಸಮಯ ಸಿಗುವುದು ಅಲ್ಲಿಯೇ, ಗುಂಡು ಸರಿಯಾದ ಜಾಗಕ್ಕೆ ಬೀಳುವುದೂ ಅಲ್ಲಿಯೇ. ಬೆಟ್ಟದ ಇಳಿಜಾರಿನಲ್ಲಿ 250 ಮೀಟರ್ ದೂರದ ಕಪ್ಪು ಚುಕ್ಕೆಗೆ ಹೊಡೆಯುವುದು "ನ್ಯಾಯವಾದ ಬೇಟೆ" ಅನ್ನಿಸಿಕೊಂಡರೂ ಕರಡಿಯ ಪಾಲಿಗೆ ಅದೇ ಹೆಚ್ಚು ಕ್ರೂರವಾಗಬಹುದು. ಎರೆಯ ನಿಜವಾದ ದೋಷ ಬೇರೆ. ಬೇಟೆಯ ಋತು ಮುಗಿದ ಮೇಲೂ ಬದುಕುಳಿದ ಕರಡಿಗಳಿಗೆ ಮನುಷ್ಯರ ವಾಸನೆ ಮತ್ತು ಸಿಹಿತಿಂಡಿ ಒಂದೇ ಅನ್ನಿಸಿಬಿಡಬಹುದು.

ನ್ಯಾಯವಾದ ಬೇಟೆ ಎಂದಾಗ ಎಲ್ಲರೂ ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೊರ್ ರೂಸ್‌ವೆಲ್ಟ್ ಕಥೆ ಎತ್ತುತ್ತಾರೆ. 1902ರಲ್ಲಿ ಮಿಸಿಸಿಪ್ಪಿಯಲ್ಲಿ ಮರಕ್ಕೆ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಆತ ಒಪ್ಪಲಿಲ್ಲ, ಟೆಡ್ಡಿ ಬೇರ್ ಗೊಂಬೆ ಹುಟ್ಟಿದ್ದು ಅದರಿಂದಲೇ. ಕಥೆ ಹೇಳುವವರು ಬಿಟ್ಟುಬಿಡುವ ಭಾಗವೆಂದರೆ, ನಾಯಿಗಳ ಬಾಯಿಗೆ ಸಿಕ್ಕಿ ಗಾಯಗೊಂಡಿದ್ದ ಆ ಕರಡಿ ನರಳಬಾರದೆಂದು ಅದನ್ನು ಚೂರಿಯಿಂದ ಮುಗಿಸಲಾಯಿತು. ಬೇಟೆಗಾರನ ಮರ್ಯಾದೆ ಉಳಿಯಿತು, ಕರಡಿ ಉಳಿಯಲಿಲ್ಲ.

ಇನ್ನು ಗುಂಡಿನ ವಿಷಯ. ಕರಡಿ ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿರಬೇಕು. ನಿಮ್ಮ ಕಡೆಯ ಮುಂಗಾಲು ಮುಂದಕ್ಕೆ ಸರಿದ ಗಳಿಗೆಯಲ್ಲಿ, ಭುಜದ ಹಿಂದೆ, ಎದೆಯ ಎತ್ತರದ ನಟ್ಟನಡುವೆ ಗುರಿ. ಎರಡೂ ಶ್ವಾಸಕೋಶ ತೂತಾಗಬೇಕು. ಎದುರಿಗೆ ನಿಂತ ಕರಡಿಗೂ ತಲೆಗೂ ಹೊಡೆಯಬಾರದು. ದಪ್ಪ ತುಪ್ಪಳವೂ ನೆಣವೂ ಗಾಯವನ್ನು ಮುಚ್ಚಿಬಿಡುವುದರಿಂದ ರಕ್ತ ಹೊರಗೆ ಹನಿಯುವುದೇ ಇಲ್ಲ, ಹನಿದರೂ ಕೂದಲೇ ಹೀರಿಕೊಳ್ಳುತ್ತದೆ. ಆಚೆ ಬದಿಯಲ್ಲಿ ಗುಂಡು ಹೊರಬಂದ ತೂತು ಇಲ್ಲದಿದ್ದರೆ ಜಾಡು ಹಿಡಿಯುವುದು ಬಲು ಕಷ್ಟ. ಸಂಜೆಯ ಕೊನೆಯ ಬೆಳಕಿನಲ್ಲಿ ಹೊಡೆಯುವುದು ತಪ್ಪು ಎನ್ನುವುದು ಇದಕ್ಕೇ. ಗಾಯಗೊಂಡು ಪೊದೆ ಸೇರಿದ ಕರಡಿಯನ್ನು ಕತ್ತಲಲ್ಲಿ ಹುಡುಕುವುದು ಅಪಾಯ, ಬೆಳಗಿನವರೆಗೆ ಬಿಟ್ಟರೆ ಮಾಂಸ ಕೆಡುತ್ತದೆ.

ಯಾಕೆ ಅಷ್ಟು ಬೇಗ ಕೆಡುತ್ತದೆ? ಕಂಬಳಿಯ ಮೇಲೆ ಕಂಬಳಿ ಹೊದ್ದ ಪ್ರಾಣಿ ಅದು. ಸತ್ತ ಮೇಲೆ ಮೈಯ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಕರುಳು ತೆಗೆದರಷ್ಟೇ ಸಾಲದು, ಚರ್ಮವನ್ನೂ ತಕ್ಷಣ ಬಿಡಿಸಬೇಕು. ಹಿಂದಿನ ತೊಡೆ, ಮುಂದಿನ ಭುಜಗಳನ್ನು ಬೇರೆಬೇರೆ ಮಾಡಿ, ಗಾಳಿಯಾಡುವ ಬಟ್ಟೆಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ಪ್ಲಾಸ್ಟಿಕ್ ಚೀಲಕ್ಕೆ ಬಿಸಿ ಮಾಂಸ ತುಂಬಿದರೆ ಅಲ್ಲೇ ಬೆವರಿ ಹುಳಿಯಾಗುತ್ತದೆ. ಮೊದಲು ಕೆಡುವುದು ತೊಡೆಮೂಳೆ ಸೊಂಟಕ್ಕೆ ಸೇರುವ ಕೀಲಿನ ಸುತ್ತ, ಏಕೆಂದರೆ ತಂಪು ಅಲ್ಲಿಗೆ ಕಡೆಗೆ ತಲುಪುತ್ತದೆ. ಅನುಮಾನ ಬಂದರೆ ಚಾಕುವನ್ನು ಮೂಳೆಗುಂಟ ಒಳಗೆ ಇಳಿಸಿ ತೆಗೆದು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಆ ಭಾಗ ಹೋಯಿತು. ಆದಷ್ಟು ಬೇಗ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಸಬೇಕು. ಗೋಡೆಗೆ ತೂಗುಹಾಕುವ ಚರ್ಮಕ್ಕಾಗಿ ಪಂಜದ ಸುತ್ತ ಗಂಟೆಗಟ್ಟಲೆ ಕುಸುರಿ ಮಾಡುತ್ತಾ, ನಡುನಡುವೆ ಫೋಟೋಕ್ಕೆ ನಿಲ್ಲುತ್ತಾ, ಮಾಂಸವನ್ನು ಬಿಸಿಲಿಗೆ ಬಿಟ್ಟವರ "ತಿನ್ನೋಕೆ ಹೊಡೆದಿದ್ದು" ಅಲ್ಲಿಗೇ ಮುಗಿಯಿತು.

ರುಚಿ ಕರಡಿಯ ಮೇವಿನ ಮೇಲೆ. ಬೆರ್ರಿ, ಓಕ್ ಕಾಯಿ ತಿಂದು ಕೊಬ್ಬಿದ ಶರತ್ಕಾಲದ ಕರಡಿಯ ಮಾಂಸಕ್ಕೆ ತುಸು ಸಿಹಿ ಇರುತ್ತದೆ. ಸತ್ತ ಸಾಲ್ಮನ್ ಮೀನು ತಿಂದ ಕರಡಿಯ ನೆಣದಲ್ಲಿ ಆ ನಾತವೇ. ಮಾಂಸಕ್ಕೆ ಅಂಟಿದ ನೆಣವನ್ನು ಫ್ರೀಜರ್‌ಗೆ ಹಾಕುವ ಮುಂಚೆ ಪೂರ್ತಿ ಬಿಡಿಸಿ, ಅದು ಫ್ರೀಜರ್‌ನಲ್ಲೂ ಕಮಟುತ್ತದೆ. ಬಿಡಿಸಿದ್ದನ್ನು ಎಸೆಯಬೇಡಿ. ಒಂದೆರಡು ಸೆಂಟಿಮೀಟರ್ ತುಂಡು ಮಾಡಿ, ತಳ ಹಿಡಿಯದಂತೆ ಒಂದು ಲೋಟ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕರಗಿಸಿ. ಗುಳುಗುಳು ಸದ್ದು ನಿಂತು ತುಣುಕುಗಳು ಹೊಂಬಣ್ಣಕ್ಕೆ ತಿರುಗಿದಾಗ ಬಟ್ಟೆಯಲ್ಲಿ ಸೋಸಬೇಕು. ಮಬ್ಬಾಗಿ ಕಂಡರೆ ನೀರಿನಂಶ ಉಳಿದಿದೆ, ಅದು ಬೇಗ ಕೆಡುತ್ತದೆ, ಮತ್ತೆ ಒಲೆಗೆ ಇಡಿ. ಉರಿ ಜೋರಾದರೆ ಕಂದು ಬಣ್ಣ, ಸುಟ್ಟ ವಾಸನೆ. ಹಿಮಕರಡಿಯ ಈಲಿಯನ್ನಂತೂ ಮುಟ್ಟಲೇಬಾರದು. ಅದರಲ್ಲಿ ವಿಟಮಿನ್ ಎ ವಿಷವಾಗುವಷ್ಟಿರುತ್ತದೆ.

ಗುಂಡು ಸೀಸದ್ದಾದರೆ ಇನ್ನೊಂದು ತಾಪತ್ರಯ. ಅದು ಮೈಯೊಳಗೆ ಒಡೆದು, ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಬಹುದೂರ ಚೆಲ್ಲಿಕೊಳ್ಳುತ್ತವೆ. ಗಾಯದ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆದರೂ ಖಾತ್ರಿಯಿಲ್ಲ, ಕೀಮಾ ಮಾಡಿದರೆ ಎಲ್ಲ ಕಡೆ ಹರಡುತ್ತದೆ. ಮಕ್ಕಳಿಗೆ ಬಡಿಸುವ ಮನೆಯಲ್ಲಿ ತಾಮ್ರದ ಗುಂಡೇ ಸರಿ. ಬಿಟ್ಟುಬಂದ ಕರುಳಿನಲ್ಲಿರುವ ಸೀಸ ರಣಹದ್ದುಗಳನ್ನೂ ಕೊಲ್ಲುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ.

"ಫಾರ್ಮ್ ಮಾಂಸಕ್ಕಿಂತ ಕಾಡಿನ ಮಾಂಸ ಒಳ್ಳೆಯದು, ಪ್ರಾಣಿ ಕೊನೆಯ ದಿನದವರೆಗೂ ಸ್ವತಂತ್ರವಾಗಿರುತ್ತದೆ" ಎನ್ನುವುದು ಒಬ್ಬನ ತಟ್ಟೆಯ ಮಟ್ಟಿಗೆ ಒಪ್ಪುವ ಮಾತೇ. ಎಲ್ಲರಿಗೂ ಉಪದೇಶ ಮಾಡಬೇಡಿ ಅಷ್ಟೇ. 2018ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಭೂಮಿಯ ಸಸ್ತನಿಗಳ ಒಟ್ಟು ತೂಕದಲ್ಲಿ ಸಾಕುಪ್ರಾಣಿಗಳದ್ದು ಶೇ. 60, ಮನುಷ್ಯರದ್ದು ಶೇ. 36, ಕಾಡಿನವು, ತಿಮಿಂಗಿಲವೂ ಸೇರಿ, ಬರೀ ಶೇ. 4. ಎಲ್ಲರೂ ಕಾಡಿಗೆ ಹೊರಟರೆ ಕಾಡು ಎಷ್ಟು ದಿನ ಬಾಳೀತು?

ಕಡೆಗೆ ಒಲೆ. ಕರಡಿಯ ಮಾಂಸಖಂಡದಲ್ಲಿ ಟ್ರಿಕಿನೆಲ್ಲಾ ಎಂಬ ಹುಳುವಿನ ಮರಿಗಳು ಅಡಗಿರಬಹುದು. ತಿಂದ ಒಂದೆರಡು ದಿನಕ್ಕೆ ಹೊಟ್ಟೆನೋವು, ಭೇದಿ. ವಾರಗಳ ಮೇಲೆ ಜ್ವರ, ಮೈಕೈ ನೋವು, ಕಣ್ಣಿನ ಸುತ್ತ ಊತ. ಹಂದಿಯಲ್ಲಿರುವ ಜಾತಿ ಫ್ರೀಜರ್‌ನಲ್ಲಿ ಕೆಲವು ವಾರಕ್ಕೆ ಸಾಯುತ್ತದೆ, ಆದರೆ ಶೀತ ಪ್ರದೇಶದ ಕರಡಿಗಳಲ್ಲಿರುವ ಟ್ರಿಕಿನೆಲ್ಲಾ ನೇಟಿವಾ ಸಾಯುವುದಿಲ್ಲ. ಉಪ್ಪು ಹಚ್ಚಿ ಒಣಗಿಸುವುದು, ಹೊಗೆ ಹಿಡಿಸುವುದು, ಮೈಕ್ರೋವೇವ್ ಯಾವುದನ್ನೂ ನೆಚ್ಚಿಕೊಳ್ಳುವಂತಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ದಾಖಲಿಸಿದ 2022ರ ಒಂದು ಪ್ರಕರಣ ನೋಡಿ: ಕೆನಡಾದ ಸಸ್ಕಾಚೆವಾನ್‌ನಲ್ಲಿ ಹೊಡೆದ ಕಪ್ಪು ಕರಡಿಯ ಮಾಂಸ 45 ದಿನ ಫ್ರೀಜರ್‌ನಲ್ಲಿತ್ತು. ಕುಟುಂಬದ ಕೂಟವೊಂದರಲ್ಲಿ ಅದರ ಕಬಾಬ್ ಮಾಡಿದರು. ಮಾಂಸದ ಬಣ್ಣವೇ ಕಡುಗಪ್ಪಾದ್ದರಿಂದ ಬೆಂದಿದೆಯೋ ಇಲ್ಲವೋ ತಿಳಿಯಲಿಲ್ಲ. ಕೆಲವರು ತಿಂದಾದ ಮೇಲೆ ಹಸಿಯೆಂದು ಗೊತ್ತಾಗಿ ಮತ್ತೆ ಬೇಯಿಸಿದರು. 6 ಜನರಿಗೆ ರೋಗ ತಗುಲಿತು. ಅವರಲ್ಲಿ ಇಬ್ಬರು ಮಾಂಸ ಮುಟ್ಟಿರಲೇ ಇಲ್ಲ, ಅದರ ಜೊತೆ ಬೇಯಿಸಿದ ತರಕಾರಿ ತಿಂದಿದ್ದರು.

ಆದ್ದರಿಂದ ಬಣ್ಣ ನೋಡಿ ಇಳಿಸಬೇಡಿ. ಥರ್ಮಾಮೀಟರಿನ ತುದಿಯನ್ನು ಅತಿ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಕಬಾಬ್, ಸ್ಟೇಕ್‌ಗಿಂತ ಮುಚ್ಚಿದ ಪಾತ್ರೆಯಲ್ಲಿ ಮೂರ್ನಾಲ್ಕು ಗಂಟೆ ಕುದಿಸುವ ಅಡುಗೆ ಇದಕ್ಕೆ ಹೆಚ್ಚು ಒಗ್ಗುತ್ತದೆ, ಗಟ್ಟಿ ಭುಜದ ಮಾಂಸವೂ ಮೆತ್ತಗಾಗುತ್ತದೆ. ಹಸಿಮಾಂಸ ಮುಟ್ಟಿದ ಹಲಗೆ, ಚಾಕುಗಳನ್ನು ತರಕಾರಿಗೆ ಬಳಸಬೇಡಿ, ಒಂದೇ ಕಡ್ಡಿಗೆ ಎರಡನ್ನೂ ಚುಚ್ಚಲೇಬೇಡಿ. ಮಾಂಸ ಹಂಚುವುದು ಬೇಟೆಯ ಹಳೇ ಪದ್ಧತಿ. ಹಂಚುವಾಗ ಪ್ರತಿ ಪೊಟ್ಟಣದ ಮೇಲೂ ದೊಡ್ಡದಾಗಿ ಬರೆದಿರಬೇಕು: ಕರಡಿ, 74 ಡಿಗ್ರಿ.