ಗೋಲ್‌ಕೀಪರಿಗೂ ಒಂದು ದಿನ ಬಿಡುವು

ಬದಿಯಡ್ಕದ ನಮ್ಮ ತೋಟದಲ್ಲಿ ರಬ್ಬರ್ ಮರಕ್ಕೆ ದಿನಾ ಕತ್ತಿ ಹಾಕುವುದಿಲ್ಲ. ದಿನ ಬಿಟ್ಟು ದಿನ. ಗೋಲ್‌ಕೀಪರಿಗೂ ಇಂಥ ಬಿಡುವು ಬೇಕೆಂದು ಐಸ್ ಹಾಕಿಯ ಕೋಚ್‌ಗಳಿಗೆ ಹೊಳೆದದ್ದು ತಡವಾಗಿ. 2006-07ರಲ್ಲಿ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ಗೋಲ್‌ಕೀಪರ್ ಮಾರ್ಟಿನ್ ಬ್ರೊಡೂರ್ ತನ್ನ ತಂಡದ 82 ಪಂದ್ಯಗಳಲ್ಲಿ 78 ಆಡಿದ್ದ! ಮೊಣಕಾಲು ಒಳಗೆ ಮಡಚಿ ಐಸಿನ ಮೇಲೆ ಬೀಳುತ್ತಲೇ ಇದ್ದರೆ ಸೊಂಟ, ತೊಡೆಸಂದು ಎಷ್ಟು ತಡೆದೀತು?

ಟೊರಾಂಟೊದ ಭಾವ ಒಪ್ಪುವುದಿಲ್ಲ. "2012ರಲ್ಲಿ ಗೋಲ್‌ಕೀಪರ್ ಜೊನಾಥನ್ ಕ್ವಿಕ್ 69 ಪಂದ್ಯ ಆಡಿಯೂ ಲೀಗಿನ ಸ್ಟ್ಯಾನ್ಲಿ ಕಪ್ ಎತ್ತಲಿಲ್ಲವಾ ಮಾರಾಯ?"

ಎತ್ತಿದ, ಸರಿ. ಆದರೆ 2018ರಲ್ಲಿ ವಾಷಿಂಗ್ಟನ್ ತಂಡದ ಗೋಲ್‌ಕೀಪರ್ ಹೋಲ್ಟ್‌ಬಿ? ಲೀಗಿನಲ್ಲಿ 54 ಪಂದ್ಯ. ಪ್ಲೇಆಫ್‌ನ ಮೊದಲೆರಡು ಪಂದ್ಯಕ್ಕೆ ಇಳಿದದ್ದು ಎರಡನೆಯ ಗೋಲ್‌ಕೀಪರ್ ಗ್ರುಬಾವರ್. ಆಮೇಲೆ ಹೋಲ್ಟ್‌ಬಿಯೇ ಬಂದು ವಾಷಿಂಗ್ಟನ್‌ಗೆ ಕಪ್ ಗೆದ್ದುಕೊಟ್ಟ. (ಕೂರಿಸಿದ್ದು ಫಾರ್ಮ್ ಇಲ್ಲವೆಂದು, ಬಿಡಿ.)

ನಾನಾದರೆ ಸತತ ಎರಡು ರಾತ್ರಿ ಪಂದ್ಯವಿದ್ದಾಗ ಒಂದನ್ನು ಎರಡನೆಯವನಿಗೆ ಕೊಡುತ್ತೇನೆ. ಪ್ಲೇಆಫ್ ಖಾತ್ರಿಯಾದ ಮೇಲೆ ಅಭ್ಯಾಸವನ್ನೂ ಇಳಿಸುತ್ತೇನೆ. ಹಾಗೆಂದು ವಾರಗಟ್ಟಲೆ ಕೂರಿಸುವುದಿಲ್ಲ, ಪಕ್ (ಆಟದ ರಬ್ಬರ್ ಬಿಲ್ಲೆ) ಮೇಲಿನ ಕಣ್ಣು ತಪ್ಪುತ್ತದೆ.