ಹೂಕುಂಡದ ಕೆಳಗಿನ ತಟ್ಟೆ

ಈ ದಿನ ಬೆಳಿಗ್ಗೆ ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆಯೊಬ್ಬರು ಹೂಕುಂಡದ ಕೆಳಗಿನ ತಟ್ಟೆಯನ್ನು ಎತ್ತಿ, ಟಾರ್ಚಿನ ಬೆಳಕಿನಲ್ಲಿ ನನಗೆ ತೋರಿಸಿದರು. ಒಂದು ಬೆರಳಿನಷ್ಟೂ ಆಳವಿಲ್ಲದ ಆ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಮೇಲೆ ಕೆಳಗೆ ಓಡಾಡುತ್ತಿದ್ದವು.

ನೀರು ಚೆಲ್ಲಿದರೆ ಸಾಕೆಂದುಕೊಂಡಿದ್ದೆ. ಸಾಲದು ಎಂದರು. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ನೀರಿನ ಅಂಚಿಗಿಂತ ತುಸು ಮೇಲೆ ಮೊಟ್ಟೆಗಳನ್ನು ಅಂಟಿಸುತ್ತದೆ, ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ತಾಕಿದಾಗ ಮರಿಯಾಗುತ್ತವೆ, ಆದ್ದರಿಂದ ವಾರಕ್ಕೊಮ್ಮೆಯಾದರೂ ತಿಕ್ಕಿ ತೊಳೆಯಬೇಕು ಎಂದು ವಿವರಿಸುತ್ತಲೇ ತಟ್ಟೆಯನ್ನು ತಾವೇ ಉಜ್ಜತೊಡಗಿದರು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಹಾರುವ ಸೊಳ್ಳೆಯಾಗಲು 7ರಿಂದ 10 ದಿನಗಳು ಸಾಕಂತೆ.

ರಾಜ್ಯವೊಂದರ ಆರೋಗ್ಯ ವ್ಯವಸ್ಥೆ ಎಂದಾಗ ನನಗೆ ಇಷ್ಟು ದಿನ ಆಸ್ಪತ್ರೆಗಳೇ ನೆನಪಾಗುತ್ತಿದ್ದವು. ಆದರೆ ಮನೆಮನೆಗೂ ನಡೆದು, ಅಂಗಳದಲ್ಲಿ ಬಗ್ಗಿ, ಇಂತಹ ತಟ್ಟೆಗಳನ್ನು ಹುಡುಕುವವರ ದುಡಿಮೆ ಯಾವ ಆಸ್ಪತ್ರೆಯ ವಾರ್ಡಿನಲ್ಲಿಯೂ ಕಾಣಸಿಗುವುದಿಲ್ಲ. ಬಾರದೇ ಹೋದ ಜ್ವರಕ್ಕೆ ರೋಗಿಯೇ ಇರುವುದಿಲ್ಲವಲ್ಲ. ಅವರ ಬೆರಳುಗಳಿಗೆ ಪಾಚಿ ಮೆತ್ತಿಕೊಂಡಿತ್ತು. ಅದನ್ನು ಕಂಡು ನಿಜಕ್ಕೂ ಮನಸ್ಸು ತುಂಬಿ ಬಂದಿತು.

ಸಂಜೆ ಫ್ರಿಜ್ಜಿನ ಹಿಂದಿನ ಟ್ರೇಯನ್ನು ಎಳೆದು ನೋಡಿದೆನು. ಅದರಲ್ಲಿಯೂ ನೀರಿತ್ತು.