ನಿಮ್ಮ ಮನೆಗೆ ಮೆಟ್ಟಿಲು ಎಷ್ಟು?

ಅಮೆರಿಕದ ಸಾಮಾಜಿಕ ಇತಿಹಾಸದ ಕ್ಲಾಸಿನ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ಐಲ್ಯಾಂಡ್. 1910ರಿಂದ 1940ರವರೆಗೆ ಅಲ್ಲಿ ವಲಸಿಗರನ್ನು, ಅದರಲ್ಲೂ ಚೀನೀಯರನ್ನು, ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಹಾಕುತ್ತಿದ್ದರು. 1882ರ ಕಾಯ್ದೆ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿತ್ತು. 1906ರ ಭೂಕಂಪದ ಬೆಂಕಿಯಲ್ಲಿ ಜನನ ದಾಖಲೆಗಳು ಸುಟ್ಟುಹೋದ ಮೇಲೆ ಎಷ್ಟೋ ಜನ, ಅಲ್ಲಿನ ನಾಗರಿಕರ ಮಕ್ಕಳೆಂದು ಸುಳ್ಳು ಕಾಗದಗಳನ್ನು ದುಡ್ಡು ಕೊಟ್ಟು ಪಡೆದು ಬಂದರು.

ಅಂಥವರನ್ನು ಹಿಡಿಯಲು ಅಧಿಕಾರಿಗಳು ನಡೆಸುತ್ತಿದ್ದ ವಿಚಾರಣೆಯ ಪ್ರಶ್ನೆಗಳನ್ನು ಓದುತ್ತಾ ಎದೆ ಭಾರವಾಯಿತು. ನಿಮ್ಮ ಮನೆಗೆ ಮೆಟ್ಟಿಲು ಎಷ್ಟು? ಅಕ್ಕಿ ಡಬ್ಬ ಎಲ್ಲಿದೆ? ಪಕ್ಕದ ಸಾಲಿನ ಎರಡನೇ ಮನೆ ಯಾರದು? ಅಪ್ಪ, ಮಗನ ಉತ್ತರ ತಾಳೆಯಾಗದಿದ್ದರೆ ವಾಪಸ್ ಹಡಗು ಹತ್ತಿಸುವ ಭಯ. ಅವತ್ತು ರಾತ್ರಿ ಮಲಗಿಕೊಂಡೇ ಸಾಗರ ಊರಿನ ನಮ್ಮ ಮನೆಯ ಮೆಟ್ಟಿಲು ಎಣಿಸಿದೆ. ಐದೋ, ಆರೋ? ಫೋನ್ ಮಾಡಿದರೆ ಅಮ್ಮ "ಏಳು ಕಣೇ" ಅಂದಳು. ಹೆತ್ತ ಮಗಳಿಗೇ ಗೊತ್ತಿರಲಿಲ್ಲ!

ಶನಿವಾರ ಎದುರು ದಡದ ಟಿಬುರಾನ್ ಊರಿನಿಂದ ದ್ವೀಪಕ್ಕೆ ದೋಣಿ ಹಿಡಿದೆ. ವಲಸಿಗರನ್ನು ಇರಿಸುತ್ತಿದ್ದ ಬ್ಯಾರಕ್ಕಿನ ಮರದ ಗೋಡೆಯಲ್ಲಿ ಅವರು ಕೊರೆದ ಕವಿತೆಗಳಿವೆ. ಅಧಿಕಾರಿಗಳು ಪುಟ್ಟಿ ತುಂಬಿಸಿ ಬಣ್ಣ ಬಳಿಸಿದ್ದರು. ಆದರೂ ಓರೆ ಬೆಳಕಿನಲ್ಲಿ ಅಕ್ಷರದ ಗೆರೆಗಳು ಎದ್ದು ಕಾಣುತ್ತವೆ. 1970ರಲ್ಲಿ ಅಲೆಕ್ಸಾಂಡರ್ ವೈಸ್ ಎಂಬ ಪಾರ್ಕ್ ರೇಂಜರ್ ಅವುಗಳ ಬೆಲೆ ಗುರುತಿಸಿದ್ದರಿಂದ ಕೆಡವಬೇಕೆಂದಿದ್ದ ಕಟ್ಟಡ ಉಳಿಯಿತು.

ಪ್ರಬಂಧವನ್ನು ಕಾಯ್ದೆಯಿಂದ ಶುರುಮಾಡಿದ್ದೆ. ಅದನ್ನು ಅಳಿಸಿ, ಮೆಟ್ಟಿಲಿನ ಪ್ರಶ್ನೆಯನ್ನು ಮೊದಲ ಸಾಲಿಗೆ ತಂದೆ.